ಸಾಯ್ಲಿ ಅಂದರೆ ಮೂರನೆಯವಳು

ಮೊದಲ ಬೆಳಗ್ಗೆ ನನ್ನನ್ನು ಎಬ್ಬಿಸಿದ್ದು ಒಂದು ಪುಟ್ಟ, ತಣ್ಣನೆಯ ಕೈ. ಕಣ್ಣು ಬಿಟ್ಟರೆ ಎಂಟು ವರ್ಷದ ಹುಡುಗಿಯೊಬ್ಬಳು ಹಾಸಿಗೆಯ ಅಂಚಿನಲ್ಲಿ ಕೂತು ನನ್ನ ಬಳೆ ಎಣಿಸುತ್ತಿದ್ದಳು. "ಗುಡ್ ಮಾರ್ನಿಂಗ್ ಮಿಸ್. ಐ ಲವ್ ಯೂ ಮಿಸ್" ಅಂದಳು. ನಾನು ಆ ಮನೆಗೆ ಬಂದು ಹನ್ನೆರಡು ಗಂಟೆಯೂ ಆಗಿರಲಿಲ್ಲ. ಖುಷಿಯಲ್ಲಿ ಕರಗಿಹೋದೆ. ಅಮ್ಮನಿಗೆ ಫೋನ್ ಮಾಡಿ, "ಒಂದೇ ದಿನಕ್ಕೆ ಮಕ್ಕಳು ಹಚ್ಚಿಕೊಂಡುಬಿಟ್ಟವು ಕಣಮ್ಮ" ಅಂದೆ.

"ಒಂದೇ ದಿನಕ್ಕಾ?" ಅಂದಳು ಅಮ್ಮ.

ಅಮ್ಮ ದಾವಣಗೆರೆಯಲ್ಲಿ ಬಹಳ ವರ್ಷ ಅಂಗನವಾಡಿ ನಡೆಸಿದವಳು. ಹೊಸಬರನ್ನು ಕಂಡರೆ ಮಗು ಮೊದಲ ದಿನ ಅಳಬೇಕು, ಇಲ್ಲಾಂದ್ರೆ ಬಾಗಿಲ ಹಿಂದೆ ಅವಿತುಕೊಳ್ಳಬೇಕು ಅನ್ನೋದು ಅವಳ ಲೆಕ್ಕ. ನನಗೆ ಆಗ ಆ ಲೆಕ್ಕ ಬೇಕಿರಲಿಲ್ಲ.

ಅದು 2014ರ ಆಗಸ್ಟ್. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ ಮಾಡಿ ತಲೆ ಕೆಟ್ಟು ಕೆಲಸ ಬಿಟ್ಟಿದ್ದೆ. ಇನ್ನೊಂದು ಕೆಲಸ ಹಿಡಿಯುವ ಮೊದಲು ನಾಲ್ಕು ತಿಂಗಳು ಎಲ್ಲಾದರೂ "ಉಪಯೋಗಕ್ಕೆ ಬರುವ" ಕೆಲಸ ಮಾಡಬೇಕು ಅಂತ ಆಸೆ. ಪರಿಚಯದವರೊಬ್ಬರ ಮೂಲಕ ನೇಪಾಳದ ಈ ಮಕ್ಕಳ ಮನೆ ಸಿಕ್ಕಿತು. ಯಶವಂತಪುರದಿಂದ ಗೋರಖಪುರಕ್ಕೆ ರೈಲು, ಅಲ್ಲಿಂದ ಸುನೌಲಿ ಗಡಿಗೆ ಬಸ್ಸು, ಗಡಿ ದಾಟಿ ಕಠ್ಮಂಡುವಿಗೆ ಇನ್ನೊಂದು ಬಸ್ಸು. ವೀಸಾ ಇಲ್ಲ, ಏನಿಲ್ಲ. 1950ರ ಭಾರತ-ನೇಪಾಳ ಒಪ್ಪಂದದ ಪುಣ್ಯ, ವೋಟರ್ ಕಾರ್ಡ್ ತೋರಿಸಿ ವಿದೇಶಕ್ಕೆ ಹೋದೆ. ಗಡಿಯ ಆ ಕಡೆ ಗಡಿಯಾರ 15 ನಿಮಿಷ ಮುಂದೆ. ಕ್ಯಾಲೆಂಡರಂತೂ ಸೀದಾ 2071ನೇ ಇಸವಿ, ಅವರದು ವಿಕ್ರಮ ಸಂವತ್! ನನ್ನ ನೂರು ರೂಪಾಯಿಗೆ ಅಲ್ಲಿ ನೂರ ಅರವತ್ತು. ಒಂದು ಹೆಜ್ಜೆಗೆ ನಾನು ಶ್ರೀಮಂತಳೂ ಆದೆ, ಐವತ್ತೇಳು ವರ್ಷ ಮುಂದಕ್ಕೂ ಹೋದೆ.

ಮನೆ ಇದ್ದದ್ದು ಲಲಿತ್‌ಪುರದ ಅಂಚಿನಲ್ಲಿ, ಸಾತ್‌ದೋಬಾಟೋದಿಂದ ಗೋದಾವರಿ ಕಡೆ ಹೋಗುವ ರಸ್ತೆಗೆ ಹತ್ತಿರ. ಮೂರು ಅಂತಸ್ತು, ಮೇಲೊಂದು ತಾರಸಿ. ಹತ್ತೊಂಬತ್ತು ಮಕ್ಕಳು. ಚಿಕ್ಕವನಿಗೆ ಐದು ವರ್ಷ, ದೊಡ್ಡವಳಿಗೆ ಹದಿನೈದು. ಗೇಟಿನ ಮೇಲೆ ಇಂಗ್ಲಿಷಿನಲ್ಲಿ ಅನಾಥ ಮಕ್ಕಳ ಆಶ್ರಯ ಅಂತ ಬಣ್ಣದ ಬೋರ್ಡು. ನೇಪಾಳಿಯಲ್ಲಿ ಯಾವ ಬೋರ್ಡೂ ಇರಲಿಲ್ಲ. ಇದನ್ನು ನಾನು ಗಮನಿಸಿದ್ದು ಬಹಳ ತಡವಾಗಿ.

ಮಕ್ಕಳಿಗೆ ನನ್ನ ಬಗ್ಗೆ ಒಂದು ಗೊಂದಲ ಇತ್ತು. ಅವರು ಕಂಡ ವಾಲಂಟಿಯರ್‌ಗಳೆಲ್ಲ ಬಿಳಿಯರು. ನಾನು ನೋಡಿದರೆ ಪಕ್ಕದ ಬೀದಿಯ ತರಕಾರಿ ಅಂಗಡಿಯವಳ ಹಾಗಿದ್ದೆ. ಮೇಲಾಗಿ ಹಿಂದಿ ಮಾತಾಡುತ್ತಿದ್ದೆ, ಟೀವಿ ಸೀರಿಯಲ್ಲಿನ ಅತ್ತೆಯರ ಹಾಗೆ. ಟೀವಿ ನೋಡಿ ನೋಡಿ ಅವರಿಗೆಲ್ಲ ನನಗಿಂತ ಚೆನ್ನಾಗಿ ಹಿಂದಿ ಬರುತ್ತಿತ್ತು. "ನೀವು ನಿಜವಾಗಲೂ ವಾಲಂಟಿಯರಾ?" ಅಂತ ಒಬ್ಬ ಕೇಳಿಯೇಬಿಟ್ಟ. ಹೂಂ ಅಂದೆ. ಸ್ವಲ್ಪ ನಿರಾಸೆಯಾಯ್ತು ಅನ್ನಿಸುತ್ತೆ.

ದಿನ ಶುರುವಾಗುತ್ತಿದ್ದದ್ದು ಬೆಳಗ್ಗೆ ಐದೂವರೆಗೆ. ಮನೆ ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಎಲ್ಲರೂ ದಿದಿ ಅಂತಿದ್ದೆವು, ಅಕ್ಕ ಅಂತ. ಅವರು ನನ್ನನ್ನು ಬಹಿನಿ, ತಂಗಿ, ಅಂತಿದ್ದರು. ದಿದಿಯ ಊರು ಸಿಂಧುಪಾಲ್ಚೋಕ್. ಗಂಡ ಕತಾರಿನಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದ. ಹತ್ತು ವರ್ಷದ ಸ್ವಂತ ಮಗ ಊರಲ್ಲಿ ಅಜ್ಜಿ ಜೊತೆ. ಇಲ್ಲಿ ಹತ್ತೊಂಬತ್ತು ಮಕ್ಕಳ ತಲೆ ಬಾಚುವ ಹೆಂಗಸು ತನ್ನ ಮಗನನ್ನು ನೋಡುತ್ತಿದ್ದದ್ದು ವರ್ಷಕ್ಕೆ ಎರಡು ಸಲ.

ಎದ್ದ ಕೂಡಲೇ ಟೀ, ಬಿಸ್ಕತ್ತು. ಆರರಿಂದ ಎಂಟು ಓದು. ಒಂಬತ್ತಕ್ಕೆ ಊಟ. ತಿಂಡಿಯಲ್ಲ, ಊಟವೇ. ಅನ್ನ, ಬೇಳೆ, ಪಲ್ಯ. ದಾಲ್ ಭಾತ್ ತರಕಾರಿ. ಬೆಳಗ್ಗೆ ಒಂಬತ್ತಕ್ಕೆ ಅನ್ನದ ಗುಡ್ಡೆ ನೋಡಿ ಮೊದಲ ವಾರ ನನಗೆ ಹೊಟ್ಟೆ ಭಾರ. ಮಕ್ಕಳೋ, ಎರಡನೇ ಸಲ ಹಾಕಿಸಿಕೊಂಡು, ಬೇಳೆ ಕಲೆಸಿ, ತಟ್ಟೆ ನೆಕ್ಕಿ ಏಳುತ್ತಿದ್ದರು. ರಾತ್ರಿ ಏಳೂವರೆಗೆ ಮತ್ತೆ ಅದೇ. ನಾಲ್ಕು ತಿಂಗಳಲ್ಲಿ ಒಬ್ಬರೂ "ಇವತ್ತೂ ಇದೇನಾ" ಅಂದದ್ದು ಕೇಳಲಿಲ್ಲ. ಬೀದಿಯಲ್ಲಿ ಯಾರಾದರೂ ಸಿಕ್ಕರೆ "ಭಾತ್ ಖಾಯೌ?" ಅಂತ ಕೇಳುತ್ತಾರೆ. ಅನ್ನ ಉಂಡೆಯಾ ಅಂತ. ನಮ್ಮ "ಊಟ ಆಯ್ತಾ?" ಇದ್ದ ಹಾಗೆ. ಆ ಒಂದು ಮಾತಿನಿಂದಲೇ ನನಗೆ ಆ ದೇಶ ಹತ್ತಿರವಾಯ್ತು.

ಒಂಬತ್ತೂ ಮುಕ್ಕಾಲಿಗೆ ಟೈ, ಬೆಲ್ಟು ಹಾಕಿಕೊಂಡು ಸಾಲಾಗಿ ಶಾಲೆಗೆ. ಅಲ್ಲಿ ಖಾಸಗಿ ಇಂಗ್ಲಿಷ್ ಶಾಲೆಗೆ "ಬೋರ್ಡಿಂಗ್" ಅಂತಾರೆ, ಯಾರೂ ಅಲ್ಲಿ ಉಳಿದುಕೊಳ್ಳದಿದ್ದರೂ. ಆಗ ಭಾನುವಾರವೂ ಶಾಲೆ ಇತ್ತು. ರಜೆ ಶನಿವಾರ. ಮಕ್ಕಳು ಹೋದ ಮೇಲೆ ಮನೆ ಧುತ್ತೆಂದು ಸುಮ್ಮನಾಗುತ್ತಿತ್ತು. ದಿದಿ ಮತ್ತು ನಾನು ಪಾತ್ರೆ ತಿಕ್ಕಿ, ಅಕ್ಕಿಯ ಕಲ್ಲು ಆರಿಸಲು ತಾರಸಿಗೆ ಹೋಗುತ್ತಿದ್ದೆವು. ಮೋಡ ಸರಿದ ದಿನ ಉತ್ತರದಲ್ಲಿ ಹಿಮದ ಬೆಟ್ಟ ಕಾಣುತ್ತಿತ್ತು. ನಾನು ಬಾಯಿ ಬಿಟ್ಟು ನೋಡುತ್ತಿದ್ದೆ. ದಿದಿ ಅಕ್ಕಿ ನೋಡುತ್ತಿದ್ದರು.

ನಾಲ್ಕು ಗಂಟೆಗೆ ಮಕ್ಕಳು ಬಂದ ಮೇಲೆ ಖಾಜಾ, ಅಂದರೆ ಸಂಜೆಯ ತಿಂಡಿ. ಹೆಚ್ಚಾಗಿ ಚಿಯುರಾ. ನಮ್ಮ ಅವಲಕ್ಕಿಯೇ, ಆದರೆ ಒಣಗಿದ್ದನ್ನೇ ಕಟುಂ ಕಟುಂ ಅಂತ ಜಗಿಯುತ್ತಾರೆ. ಒಂದು ದಿನ ನಾನು ಹುಮ್ಮಸ್ಸಿನಲ್ಲಿ ಎಲ್ಲರಿಗೂ ಒಗ್ಗರಣೆ ಅವಲಕ್ಕಿ ಮಾಡಿದೆ. ಸಾಸಿವೆ, ಕಡ್ಲೆಬೇಳೆ, ಹಸಿಮೆಣಸು, ಕೊನೆಗೆ ನಿಂಬೆಹಣ್ಣು. ಮಕ್ಕಳು ಸಭ್ಯವಾಗಿ ತಿಂದರು. "ಥ್ಯಾಂಕ್ಯೂ ಮಿಸ್, ವೆರಿ ಟೇಸ್ಟಿ ಮಿಸ್" ಅಂದರು. ಆಮೇಲೆ ನೀರು ಕುಡಿಯಲು ಅಡುಗೆಮನೆಗೆ ಹೋದರೆ, ಅವರೆಲ್ಲ ದಿದಿಯನ್ನು ಮುತ್ತಿಕೊಂಡು ಜಗಳ ಆಡುತ್ತಿದ್ದರು. ಚಿಯುರಾನ ನೆನೆಸಿದ್ದು ಯಾಕೆ, ಅದು ಕೆಟ್ಟುಹೋಗಲಿಲ್ವಾ, ನಮಗೆ ಬೇರೆ ಕೊಡು ಅಂತ. ಒಬ್ಬ ನೆಲಕ್ಕೆ ಕಾಲು ಒದೆಯುತ್ತಿದ್ದ. ದಿದಿ ಸೌಟು ತೋರಿಸಿ ಗದರುತ್ತಿದ್ದರು.

ನನ್ನನ್ನು ಕಂಡ ಕೂಡಲೇ ಎಲ್ಲ ಬಾಯಿ ಮುಚ್ಚಿ ನಕ್ಕರು.

ಆವತ್ತು ಹೊಳೆಯಿತು. ಈ ಮಕ್ಕಳು ನನ್ನ ಮುಂದೆ ಒಂದು ದಿನವೂ ಹಟ ಮಾಡಿಲ್ಲ. ತಬ್ಬುತ್ತಾರೆ, ಹಾಡು ಹೇಳುತ್ತಾರೆ, ಕೈ ಹಿಡಿದು ನಡೆಯುತ್ತಾರೆ, ನನ್ನ ಫೋನಿನಲ್ಲಿ ಫೋಟೋ ನೋಡುತ್ತಾರೆ. ಆದರೆ ಅಳಲ್ಲ, ಮುನಿಸಿಕೊಳ್ಳಲ್ಲ, ಬೇಡ ಅನ್ನಲ್ಲ. ಅಕ್ಕನ ಮಗಳು ನಮ್ಮನೆಗೆ ಬಂದರೆ ಒಂದು ಚಾಕೊಲೇಟಿಗೆ ಬೀದಿಯವರೆಲ್ಲ ಕೇಳುವ ಹಾಗೆ ಉರುಳಾಡುತ್ತಾಳೆ. ಅವಳಿಗೆ ಗೊತ್ತು, ಉರುಳಾಡಿದರೂ ನಾವು ಎಲ್ಲೂ ಹೋಗಲ್ಲ ಅಂತ. ಇಲ್ಲಿ ಆ ಹಕ್ಕು ಇದ್ದದ್ದು ದಿದಿಯ ಮೇಲೆ ಮಾತ್ರ. ಮುದ್ದೆಲ್ಲ ನಮಗೆ, ಮುನಿಸೆಲ್ಲ ಅವರಿಗೆ. ನಾವು ಎರಡು ವಾರಕ್ಕೊಬ್ಬರು, ತಿಂಗಳಿಗೊಬ್ಬರು ಬಂದು ಹೋಗುವ ನೆಂಟರು. ನನ್ನ ಕಾಲದಲ್ಲೇ ನಾಲ್ಕು ಜನ ಬಂದು ಹೋದರು. ನನ್ನ ಬಳೆ ಎಣಿಸಿದ ಹುಡುಗಿ ಪ್ರತಿಯೊಬ್ಬರ ಹಾಸಿಗೆಯ ಅಂಚಿನಲ್ಲೂ ಮೊದಲ ಬೆಳಗ್ಗೆ ಕೂತದ್ದನ್ನು ನಾನೇ ನೋಡಿದೆ. ಅದೇ ಮಾತು. ಅದೇ ಐ ಲವ್ ಯೂ. ಮೊದಲ ಸಲ ನೋಡಿದಾಗ ನನಗೆ ಹೊಟ್ಟೆಕಿಚ್ಚಾಯ್ತು, ಸುಳ್ಳು ಯಾಕೆ ಹೇಳಲಿ.

ಆ ಹುಡುಗಿಯನ್ನು ಎಲ್ಲರೂ ಸಾಯ್ಲಿ ಅಂತಿದ್ದರು. ಅದೇ ಅವಳ ಹೆಸರು ಅಂದುಕೊಂಡಿದ್ದೆ.

ಶನಿವಾರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಾಲ್ಕು ತಿಂಗಳಲ್ಲಿ ನನಗೆ ತೀರಾ ಇಷ್ಟವಾದದ್ದು ಶನಿವಾರಗಳೇ. ಅಂದು ಸ್ನಾನ, ಬಟ್ಟೆ, ಹೇನು, ಮಟನ್ನು. ಇದೇ ಕ್ರಮದಲ್ಲಿ. ಅಂಗಳದಲ್ಲಿ ಒಂದೇ ನಲ್ಲಿ. ನೀರು ಬರುವ ದಿನ ಗೊತ್ತಿಲ್ಲ, ಬಾರದಿದ್ದರೆ ಟ್ಯಾಂಕರ್. ಕಣಿವೆಯ ಜನ ಆಗ ಮೇಲಮ್ಚಿ ನದಿಯ ನೀರಿಗೆ ಕಾಯುತ್ತಿದ್ದರು. ಸುರಂಗ ಕೊರೆದು ತರ್ತೀವಿ ಅಂತ ವರ್ಷಗಟ್ಟಲೆ ಹೇಳಿದ್ದರಂತೆ. ಯಾರಾದರೂ ಆಗದ ಮಾತು ಆಡಿದರೆ ದಿದಿ "ಹೂಂ, ಮೇಲಮ್ಚಿ ಬಂದಾಗ" ಅನ್ನುತ್ತಿದ್ದರು. (ಆ ನೀರು ಕೊನೆಗೆ ಕಠ್ಮಂಡು ಮುಟ್ಟಿದ್ದು 2021ರಲ್ಲಿ. ಪೇಪರಿನಲ್ಲಿ ಓದಿ ಒಬ್ಬಳೇ ನಕ್ಕೆ.)

ಸ್ನಾನ ಆದ ಮಕ್ಕಳು ತಾರಸಿಯ ಬಿಸಿಲಿನಲ್ಲಿ ಸಾಲಾಗಿ ಕೂರುತ್ತಿದ್ದರು. ಮೈಗೆ ಸಾಸಿವೆ ಎಣ್ಣೆ. ಆ ಘಾಟು ಮೊದಮೊದಲು ತಲೆನೋವು ತರುತ್ತಿತ್ತು. ಕೊಬ್ಬರಿ ಎಣ್ಣೆಯ ಮೂಗಲ್ವಾ ನಮ್ಮದು. ಆಮೇಲೆ ಹೇನಿನ ಹಣಿಗೆ. ನನ್ನ ಅಜ್ಜಿ ಬಿಸಿಲಲ್ಲಿ ಕೂರಿಸಿ ಹೇನು ಹೆಕ್ಕುತ್ತಿದ್ದ ಕಾಲದ ವಿದ್ಯೆ ನನ್ನ ಬೆರಳಿಗೆ ತಾನಾಗಿಯೇ ಬಂತು. ಎರಡು ಉಗುರಿನ ನಡುವೆ ಚಟ್ ಅನ್ನಿಸಿದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಬಿಳಿ ವಾಲಂಟಿಯರ್‌ಗಳಿಗೆ ಬಾರದ ಒಂದು ಕೆಲಸ ನನಗೆ ಬಂತು! ಮೂರನೇ ವಾರಕ್ಕೆ ನನ್ನ ತಲೆಗೂ ಹತ್ತಿಕೊಂಡವು. ದಿದಿಯೇ ತೆಗೆದರು.

ಹುಡುಗರು ಚುಂಗಿ ಆಡುತ್ತಿದ್ದರು. ರಬ್ಬರ್ ಬ್ಯಾಂಡುಗಳನ್ನು ಗೊಂಚಲು ಕಟ್ಟಿ, ನೆಲಕ್ಕೆ ಬೀಳದ ಹಾಗೆ ಕಾಲಲ್ಲಿ ಒದೆಯುವ ಆಟ. ನನ್ನಿಂದ ನಾಲ್ಕಕ್ಕಿಂತ ಜಾಸ್ತಿ ಆಗಲೇ ಇಲ್ಲ. ಅದರಲ್ಲಿ ನೂರು ದಾಟಿಸುವ ಹನ್ನೊಂದು ವರ್ಷದ ಹುಡುಗನೊಬ್ಬ ಒಂದು ಶನಿವಾರ ಕೇಳಿದ, "ಮಿಸ್, ನಿಮ್ಮ ಊರು ಬೆಂಗಳೂರಾ?"

ಹೂಂ ಅಂದೆ.

"ನನ್ನ ಅಪ್ಪ ಅಲ್ಲೇ ಇದಾನೆ. ದೊಡ್ಡ ಬಿಲ್ಡಿಂಗಿನ ಗೇಟಿನಲ್ಲಿ ನಿಲ್ತಾನೆ. ನೋಡಿದೀರಾ?"

ಅವನು ಅಛಾಮ್ ಕಡೆಯವನು. ನೇಪಾಳದ ದೂರ ಪಶ್ಚಿಮದ ಆ ಜಿಲ್ಲೆಗಳಿಂದ ಬೆಂಗಳೂರಿಗೆ ಕಾವಲು ಕೆಲಸಕ್ಕೆ ಬರುವ ಗಂಡಸರಿಗೆ ಲೆಕ್ಕವಿಲ್ಲ. ನನ್ನ ಅಪಾರ್ಟ್‌ಮೆಂಟಿನಲ್ಲೂ ಒಬ್ಬನಿದ್ದ. ಐದು ವರ್ಷ ಅವನು ನನ್ನ ಕೊರಿಯರ್ ತೆಗೆದಿಟ್ಟಿದ್ದಾನೆ, ಗ್ಯಾಸ್ ಸಿಲಿಂಡರ್ ಹೊತ್ತು ತಂದಿದ್ದಾನೆ. ನಾವೆಲ್ಲ ಬಹಾದ್ದೂರ್ ಅಂತಿದ್ದೆವು. ಅವನ ಹೆಸರು ಅದೇನಾ ಅಂತಲೂ ನನಗೆ ಗೊತ್ತಿಲ್ಲ. ಅವನಿಗೆ ಮಕ್ಕಳಿದ್ದಾರಾ, ಎಲ್ಲಿದ್ದಾರೆ, ಕೇಳಿಲ್ಲ. ಹುಡುಗ ನನ್ನ ಮುಖ ನೋಡುತ್ತಾ ನಿಂತಿದ್ದ. "ಬೆಂಗಳೂರು ಬಹಳ ದೊಡ್ಡದು ಕಣೋ" ಅಂದೆ. ಅವನು ತಲೆಯಾಡಿಸಿ ಮತ್ತೆ ಚುಂಗಿಗೆ ಹೋದ.

ಆಗ ನನಗೆ ತಟ್ಟಬೇಕಿತ್ತು. ಅಪ್ಪ ಇರುವ ಹುಡುಗ ಅನಾಥಾಲಯದಲ್ಲಿ ಏನು ಮಾಡ್ತಿದಾನೆ? ತಟ್ಟಲಿಲ್ಲ. ಇವನೊಬ್ಬ ಹೇಗೋ ಬಂದಿರಬೇಕು ಅಂದುಕೊಂಡೆ.

ತಟ್ಟಿದ್ದು ಹೆಸರಿನ ವಿಷಯಕ್ಕೆ. ಸಂಜೆ ಕರೆಂಟ್ ಹೋದಾಗ. ಆ ವರ್ಷಗಳಲ್ಲಿ ಕಠ್ಮಂಡುವಿನಲ್ಲಿ ಲೋಡ್ ಶೆಡ್ಡಿಂಗ್ ಅಂದರೆ ತಮಾಷೆಯಲ್ಲ. ಊರನ್ನು ಏಳು ಗುಂಪು ಮಾಡಿ, ಯಾವ ಗುಂಪಿಗೆ ಯಾವ ಹೊತ್ತು ಕತ್ತಲೆ ಅಂತ ವೇಳಾಪಟ್ಟಿಯೇ ಇತ್ತು. ಚಳಿಗಾಲ ಹತ್ತಿರ ಬಂದ ಹಾಗೆ ಕತ್ತಲೆಯ ಗಂಟೆಗಳು ಬೆಳೆಯುತ್ತಿದ್ದವು. ಹೋದ ಕೂಡಲೇ ಹತ್ತೊಂಬತ್ತು ಗಂಟಲು ಒಟ್ಟಿಗೆ "ಬತ್ತಿ ಗಯೋ!" ಬಂದಾಗ "ಬತ್ತಿ ಆಯೋ!" ನಡುವೆ ಸೋಲಾರ್ ದೀಪದ ಸುತ್ತ ಹೋಮ್‌ವರ್ಕ್. ಅಂಥ ಒಂದು ಸಂಜೆ ದಿದಿಯನ್ನು ಕೇಳಿದೆ, "ಸಾಯ್ಲಿ ಅಂದರೆ ಏನರ್ಥ? ಹೂವಾ?"

ದಿದಿ ನಕ್ಕರು. "ಹೂವಲ್ಲ ಬಹಿನಿ. ಸಾಯ್ಲಿ ಅಂದರೆ ಮೂರನೆಯವಳು."

ನೇಪಾಳದ ಮನೆಗಳಲ್ಲಿ ಮಕ್ಕಳನ್ನು ಹುಟ್ಟಿದ ಕ್ರಮದಲ್ಲಿ ಕರೆಯುತ್ತಾರೆ. ಮೊದಲ ಮಗಳು ಜೇಠಿ. ಎರಡನೆಯವಳು ಮಾಯ್ಲಿ. ಮೂರನೆಯವಳು ಸಾಯ್ಲಿ. ನಾಲ್ಕನೆಯವಳು ಕಾಯ್ಲಿ. ಕೊನೆಯವಳು ಕಾಂಛಿ. ಗಂಡುಮಕ್ಕಳಿಗೂ ಹೀಗೇ, ಜೇಠಾ, ಮಾಯ್ಲಾ, ಸಾಯ್ಲಾ. ಶಾಲೆಯ ಹೆಸರು ಬೇರೆ ಇರುತ್ತೆ, ಅದು ರಿಜಿಸ್ಟರಿಗೆ. ಮನೆಯಲ್ಲಿ ಇದೇ.

ನಾನು ಕತ್ತಲಲ್ಲೇ ಲೆಕ್ಕ ಹಾಕಿದೆ. ಮೂರನೆಯವಳು ಅಂದರೆ ಮೊದಲ ಇಬ್ಬರು ಎಲ್ಲೋ ಇರಬೇಕಲ್ಲ. ಇಲ್ಲಿ ಅವಳಿಗೆ ಅಕ್ಕಂದಿರಿಲ್ಲ. ಈ ಹೆಸರು ಯಾವುದೋ ಮನೆಯಿಂದ ಅವಳ ಜೊತೆ ನಡೆದು ಬಂದಿದೆ. ಸುತ್ತ ನೋಡಿದೆ. ಆ ದೀಪದ ಬೆಳಕಿನಲ್ಲಿ ಒಬ್ಬ ಮಾಯ್ಲಾ, ಇಬ್ಬರು ಕಾಂಛಿಯರು, ಒಬ್ಬಳು ಜೇಠಿ. ಯಾರ ಮೊದಲನೆಯವಳು? ಯಾರ ಕೊನೆಯವಳು?

"ಇವಳ ಮನೆ ಎಲ್ಲಿ ದಿದಿ?"

"ಹುಮ್ಲಾ" ಅಂದರು. ಅಷ್ಟು ಹೇಳಿ ಬೇಳೆಯ ಪಾತ್ರೆ ಮುಚ್ಚಿದರು.

ಹುಮ್ಲಾ ನೇಪಾಳದ ವಾಯವ್ಯ ಮೂಲೆ, ಟಿಬೆಟ್ಟಿಗೆ ಅಂಟಿಕೊಂಡ ಜಿಲ್ಲೆ. ಆಗ ಅಲ್ಲಿನ ಸಿಮಿಕೋಟ್ ಪೇಟೆಗೆ ಹೊರಗಿನಿಂದ ರಸ್ತೆಯೇ ಇರಲಿಲ್ಲ. ಹೋಗಬೇಕೆಂದರೆ ನೇಪಾಲ್‌ಗಂಜ್‌ನಿಂದ ಪುಟ್ಟ ವಿಮಾನ, ಇಲ್ಲವೇ ದಿನಗಟ್ಟಲೆ ನಡಿಗೆ. ಮಾವೋವಾದಿ ಯುದ್ಧದ ವರ್ಷಗಳಿಂದಲೂ ಅಲ್ಲಿಗೆ ದಲ್ಲಾಳಿಗಳು ಹೋಗುತ್ತಿದ್ದರು. ನಿಮ್ಮ ಮಗುವನ್ನು ಕಠ್ಮಂಡುವಿನಲ್ಲಿ ಇಂಗ್ಲಿಷ್ ಶಾಲೆಗೆ ಹಾಕ್ತೀವಿ ಅಂತ. ಅಪ್ಪ ಅಮ್ಮ ಸಾಲ ಮಾಡಿ, ಹೊಲ ಒತ್ತೆಯಿಟ್ಟು ದುಡ್ಡು ಕೊಟ್ಟು ಮಗುವನ್ನು ಕಳಿಸಿದ ಕತೆಗಳು ಎಷ್ಟೋ. ಕಠ್ಮಂಡು ಮುಟ್ಟುವಷ್ಟರಲ್ಲಿ ಮಗು ಕಾಗದದ ಮೇಲೆ ಅನಾಥವಾಗಿರುತ್ತಿತ್ತು. ಇದೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಮಕ್ಕಳನ್ನು ಮನೆ ಸೇರಿಸುವ ಕೆಲಸ ಮಾಡುತ್ತಿದ್ದ ನೆಕ್ಸ್ಟ್ ಜನರೇಶನ್ ನೇಪಾಳ್ ಅನ್ನೋ ಸಂಸ್ಥೆ ಅದೇ 2014ರಲ್ಲಿ ಈ ಬಗ್ಗೆ ಬರೆದಿತ್ತು. ನೇಪಾಳದ ಅನಾಥಾಲಯಗಳ ಮಕ್ಕಳಲ್ಲಿ ನೂರಕ್ಕೆ 85 ಮಂದಿಗಾದರೂ ಅಪ್ಪನೋ ಅಮ್ಮನೋ ಬದುಕಿದ್ದಾರೆ. ಆಗಿನ 75 ಜಿಲ್ಲೆಗಳಲ್ಲಿ ಐದರಲ್ಲೇ ಈ ಮನೆಗಳು ತುಂಬಿಕೊಂಡಿವೆ. ಕಠ್ಮಂಡು, ಲಲಿತ್‌ಪುರ, ಭಕ್ತಪುರ, ಪೋಖರಾ ಇರುವ ಕಾಸ್ಕಿ, ಆನೆ ಸವಾರಿಯ ಚಿತ್ವನ್. ಅನಾಥರು ಎಲ್ಲಿ ಜಾಸ್ತಿಯೋ ಅಲ್ಲಲ್ಲ, ಟೂರಿಸ್ಟರು ಎಲ್ಲಿ ಜಾಸ್ತಿಯೋ ಅಲ್ಲಿ.

ಆ ಹೊತ್ತಿಗೆ ನನ್ನ ಕೆಲಸವೂ ಬದಲಾಗಿತ್ತು. ನನ್ನ ಇಂಗ್ಲಿಷ್ ಚೆನ್ನಾಗಿದೆ ಅಂತ ಗೊತ್ತಾದ ಮೇಲೆ ಮನೆ ನಡೆಸುವ ಸರ್ ನನ್ನನ್ನು ಅಡುಗೆಮನೆಯಿಂದ ಎಬ್ಬಿಸಿ ಕಂಪ್ಯೂಟರಿನ ಮುಂದೆ ಕೂರಿಸಿದ್ದರು. ದಾನಿಗಳಿಗೆ ಪತ್ರ ಬರೆಯುವ ಕೆಲಸ. ಒಂದೊಂದು ಮಗುವಿಗೆ ಹೊರದೇಶದಲ್ಲಿ ಒಬ್ಬಿಬ್ಬರು ದಾನಿಗಳು. ಮೂರು ತಿಂಗಳಿಗೊಮ್ಮೆ ಅವರಿಗೆ ಮಗುವಿನ ಸಮಾಚಾರ ಹೋಗಬೇಕು. ಹಳೆಯ ಪತ್ರಗಳ ಅಚ್ಚು ಇತ್ತು. ತಂದೆ ತೀರಿಕೊಂಡಿದ್ದಾರೆ, ತಾಯಿ ಎಲ್ಲಿದ್ದಾರೋ ತಿಳಿಯದು ಅಂತ ಮೊದಲ ಸಾಲು. ಆಮೇಲೆ ಅಂಕಪಟ್ಟಿ, ಇಷ್ಟದ ಬಣ್ಣ, ಒಂದು ಚಿತ್ರ. ಕರೆಂಟ್ ಇದ್ದ ಹೊತ್ತಿನಲ್ಲೆಲ್ಲ ಕೂತು ಬರೆದೆ. ಅಚ್ಚಿನ ಸಾಲನ್ನು ಇನ್ನೂ ಚೆಂದ ಮಾಡಿದೆ. ಓದಿದವರ ಕಣ್ಣು ಒದ್ದೆಯಾಗಬೇಕು, ಹಾಗೆ. ಸರ್ ಮೆಚ್ಚಿಕೊಂಡರು. ಟೆಸ್ಟಿಂಗ್ ಕೆಲಸದಲ್ಲಿ ನನಗೆ ಯಾರೂ ಅಷ್ಟು ಶಭಾಷ್ ಅಂದಿರಲಿಲ್ಲ.

ದಶೈಂ ಬಂತು. ನಮ್ಮ ದಸರಾವೇ. ಆದರೆ ಅಲ್ಲಿ ಅದು ಮನೆಗೆ ಹೋಗುವ ಹಬ್ಬ. ಹಿರಿಯರ ಕೈಯಲ್ಲಿ ಹಣೆಗೆ ಅಕ್ಕಿ, ಮೊಸರು, ಕುಂಕುಮ ಕಲೆಸಿದ ಟೀಕಾ ಇಡಿಸಿಕೊಂಡು, ಕಿವಿಯ ಹಿಂದೆ ಬಾರ್ಲಿಯ ಮೊಳಕೆ ಸಿಕ್ಕಿಸಿಕೊಳ್ಳಬೇಕು. ಕಠ್ಮಂಡು ಅರ್ಧ ಖಾಲಿಯಾಗುತ್ತೆ. ಒಂದು ಬೆಳಗ್ಗೆ ನೋಡಿದರೆ ನಮ್ಮ ಗೇಟಿನ ಮುಂದೆಯೂ ಜನ. ಚಿಕ್ಕಪ್ಪ ಅಂದರು, ಮಾವ ಅಂದರು, ಒಬ್ಬಳಂತೂ ಸುಮ್ನೆ ಒಳಗೆ ಬಂದು ಕಾಂಛಿಯನ್ನು ಎತ್ತಿಕೊಂಡು ಕುತ್ತಿಗೆ ಮೂಸಿದಳು. ಅವಳು ಯಾರು ಅಂತ ಯಾರೂ ಹೇಳಬೇಕಿರಲಿಲ್ಲ. ಹತ್ತೊಂಬತ್ತರಲ್ಲಿ ಎಂಟು ಅನಾಥ ಮಕ್ಕಳು ಹಬ್ಬಕ್ಕೆ ಮನೆಗೆ ಹೋದವು.

ನಾನು ಸರ್ ಹತ್ತಿರ ಹೋದೆ. ಜಗಳ ಆಡಬೇಕು ಅಂತಲೇ ಹೋದೆ. ಅವರು ಟೀ ತರಿಸಿದರು. ಅವರೂ ಬೆಟ್ಟದ ಹಳ್ಳಿಯವರೇ, ಯಾರ ಯಾರದೋ ಮನೆಯಲ್ಲಿ ಉಳಿದು ಓದಿದವರು. "ಊರಲ್ಲಿದ್ದರೆ ಆ ಹುಡುಗಿ ಏನು ಮಾಡ್ತಿದ್ದಳು ಹೇಳಿ? ಸೌದೆ ಹೊರುತ್ತಿದ್ದಳು. ಇಲ್ಲಿ ಇಂಗ್ಲಿಷ್ ಓದ್ತಾಳೆ" ಅಂದರು.

"ಹಾಗಾದರೆ ಹಾಸ್ಟೆಲ್ ಅಂತ ಬೋರ್ಡ್ ಹಾಕಿ" ಅಂದೆ.

"ಹಾಸ್ಟೆಲ್ ಅಂದರೆ ಯಾರು ದುಡ್ಡು ಕೊಡ್ತಾರೆ?" ಅಂದರು. ಕೋಪ ಇರಲಿಲ್ಲ. ನಿಜವಾಗಲೂ ನನ್ನಿಂದ ಉತ್ತರ ಬೇಕು ಅನ್ನೋ ಹಾಗೆ ಕೇಳಿದರು.

ನನಗೆ ಅಪ್ಪನ ನೆನಪಾಯ್ತು. ಅಪ್ಪ ಓದಿದ್ದು ತುಮಕೂರಿನ ಸಿದ್ಧಗಂಗಾ ಮಠದಲ್ಲಿ. ಸಾವಿರಾರು ಹುಡುಗರ ಜೊತೆ ಮುದ್ದೆ ಉಂಡು, ಪ್ರಾರ್ಥನೆಗೆ ಕೂತು, ಒಂದು ಪೈಸೆ ಕೊಡದೆ ಮೆಟ್ರಿಕ್ ಮುಗಿಸಿದ. ಬಡತನ ಹುಮ್ಲಾದವರದ್ದಕ್ಕಿಂತ ಬಹಳ ಕಡಿಮೆಯೇನಿರಲಿಲ್ಲ. ಆದರೆ ಅಪ್ಪನನ್ನು ಯಾರೂ ಅನಾಥ ಅನ್ನಲಿಲ್ಲ. ತಾತ ಬಸ್ಸು ಹಿಡಿದು ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದ. ಬೇಸಿಗೆಗೆ ಅಪ್ಪ ಊರಿಗೆ ಬಂದು ಎಮ್ಮೆ ಕಾಯುತ್ತಿದ್ದ. ಅನ್ನ ಹಾಕಿದವರು ಪ್ರತಿಯಾಗಿ ತಾತನನ್ನು ಸಾಯಿಸಲಿಲ್ಲ. ಇಲ್ಲಿ ಒಂದು ಮಗುವಿನ ಫೀಸಿಗೆ ಒಬ್ಬ ಅಪ್ಪ ಸಾಯಬೇಕಿತ್ತು, ಇಂಗ್ಲಿಷಿನಲ್ಲಿ. ಮತ್ತು ಅವನನ್ನು ಸಾಯಿಸುವ ಸಾಲನ್ನು ಚೆಂದ ಮಾಡಿ ಬರೆದವಳು ನಾನು.

ಸಾಯ್ಲಿಯ ಕಡೆಯವರು ಯಾರೂ ಬರಲಿಲ್ಲ. ಹುಮ್ಲಾ ಬಹಳ ದೂರ. ಆದರೆ ಟೀಕಾದ ದಿನ ಮಧ್ಯಾಹ್ನ ದಿದಿಯ ಮೊಬೈಲಿಗೆ ಒಂದು ಕರೆ ಬಂತು. ದಿದಿ ನಾಲ್ಕು ಮಾತಾಡಿ ಫೋನನ್ನು ಸಾಯ್ಲಿಗೆ ಕೊಟ್ಟರು. ಅವಳು ಎರಡು ಕೈಯಲ್ಲಿ ಹಿಡಿದು "ಹಜುರ್" ಅಂದಳು, ಶಾಲೆಯ ಮಗು ಅನ್ನುವ ಹಾಗೆ. ಆ ಕಡೆಯ ದನಿ ಏನೋ ಹೇಳಿತು. ಇವಳು ಸುಮ್ಮನಿದ್ದಳು. ಆಮೇಲೆ ತುಟಿ ನಡುಗಿತು. ಆಮೇಲೆ ಇಡೀ ಮನೆ ಬೆಚ್ಚಿಬೀಳುವ ಹಾಗೆ ಕಿರುಚಿದಳು. ಅವಳ ಕಡೆಯ ಮಾತು ನನಗೆ ಅರ್ಥವಾಗಲ್ಲ. ಕಿವಿಗೆ ಸಿಕ್ಕಿದ್ದು ಎರಡೇ. "ಮ ಬೋಲ್ದಿನ," ನಾನು ಮಾತಾಡಲ್ಲ. ಮತ್ತೆ, "ಬಾ."

ನೇಪಾಳಿಯಲ್ಲಿ ಬಾ ಅಂದರೆ ಅಪ್ಪ. ಗೊತ್ತಿತ್ತು ನನಗೆ. ಆದರೂ ನನ್ನ ಕಿವಿಗೆ ಅದು ಕನ್ನಡದ ಬಾ ಆಗಿಯೇ ಕೇಳುತ್ತಿತ್ತು. ಬಾ, ಬಾ, ಬಾ ಅಂತ ಕಿರುಚುತ್ತಾ ಅವಳು ನೆಲಕ್ಕೆ ಬಿದ್ದು ಕಾಲು ಬಡಿದಳು. ಫೋನ್ ಎಸೆದಳು. ದಿದಿ ಎತ್ತಿಕೊಳ್ಳಲು ಹೋದರೆ ಒದ್ದಳು. ನಾನು ಹೋದೆ. ಕೂಡಲೇ ಕಣ್ಣೊರೆಸಿಕೊಂಡು, "ಐ ಆಮ್ ಓಕೆ ಮಿಸ್" ಅಂದಳು.

ಅವಳ ಅಪ್ಪ ಆ ಫೋನ್ ಮಾಡಲು ಹಳ್ಳಿಯಿಂದ ಸಿಮಿಕೋಟಿಗೆ ನಡೆದು ಬಂದಿದ್ದನಂತೆ. ಎರಡು ದಿನದ ದಾರಿ.

ಮುಂದಿನ ಪತ್ರ ಅವಳದೇ ಇತ್ತು. ತಂದೆ ಹುಮ್ಲಾದಲ್ಲಿದ್ದಾರೆ, ಹಬ್ಬಕ್ಕೆ ಫೋನ್ ಮಾಡಿದ್ದರು, ಅವಳಿಗೆ ಇಬ್ಬರು ಅಕ್ಕಂದಿರಿದ್ದಾರೆ ಅಂತ ಬರೆದೆ. ಎರಡು ದಿನ ಬಿಟ್ಟು ಫೈಲ್ ತೆರೆದರೆ ನನ್ನ ಸಾಲು ಹೋಗಿ ಹಳೆಯ ಸಾಲು ಬಂದಿತ್ತು. ನಾನೇ ಚೆಂದ ಮಾಡಿದ್ದ ಸಾಲು. ಮತ್ತೆ ಅಳಿಸಿದೆ. ಮತ್ತೆ ಬಂತು. ಬಾಯಲ್ಲಿ ಏನೂ ಮಾತಾಗಲಿಲ್ಲ, ಕಂಪ್ಯೂಟರಿನಲ್ಲೇ ನಡೆಯಿತು ನಮ್ಮ ಜಗಳ. ಮೂರನೇ ಸಲ ನಾನು ಸುಮ್ಮನಾದೆ. ಅವಳ ಶಾಲೆಯ ಫೀಸು ಕಟ್ಟುವ ತಿಂಗಳು ಅದು. ಕಳಿಸಿದ್ದು ನಾನೇ. ಇದನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯ್ತು.

ಉಳಿದ ದಿನಗಳು ಬೇಗ ಹೋದವು. ತಿಹಾರ್ ಹಬ್ಬದಲ್ಲಿ, ಅಂದರೆ ಅವರ ದೀಪಾವಳಿಯಲ್ಲಿ, ಬೀದಿನಾಯಿಗಳಿಗೆಲ್ಲ ಹಾರ ಹಾಕಿದೆವು. ಚಳಿ ಬಂತು. ಬೆಳಗ್ಗೆ ನಲ್ಲಿಯ ನೀರು ಮುಟ್ಟಿದರೆ ಬೆರಳು ಮರಗಟ್ಟುತ್ತಿತ್ತು. ಪತ್ರದ ಕೆಲಸ ಬಿಟ್ಟು ನಾನು ಮತ್ತೆ ಅಡುಗೆಮನೆಗೆ, ಅಕ್ಕಿಯ ಕಲ್ಲಿಗೆ, ಹೇನಿನ ಹಣಿಗೆಗೆ ಹೋದೆ.

ಹೊರಡುವ ದಿನ ಬೀಳ್ಕೊಡುಗೆ ಆಯ್ತು. ಎಲ್ಲರಿಗೂ ಮಾಡುವ ಹಾಗೆ ನನಗೂ. ಹಣೆಗೆ ಟೀಕಾ, ಕೊರಳಿಗೆ ಚೆಂಡುಹೂವಿನ ಹಾರ, ಒಂದು ಹಾಡು. ಆಮೇಲೆ ಸಾಲಾಗಿ ಬಂದು ತಬ್ಬಿದರು. ಒಬ್ಬರೂ ಅಳಲಿಲ್ಲ. ನಾನು ಅತ್ತೆ. ಚುಂಗಿಯ ಹುಡುಗ ತನ್ನ ಚುಂಗಿ ಕೊಟ್ಟು, ಅಪ್ಪ ಸಿಕ್ಕರೆ ಕೊಡಿ ಅಂದ. ಸಾಯ್ಲಿ ನನ್ನ ಕೈ ಹಿಡಿದು ಗೇಟಿನವರೆಗೆ ಬಂದಳು. ಬಳೆ ಇನ್ನೊಂದು ಸಲ ಎಣಿಸಿದಳು. ಎರಡು ತೆಗೆದು ಅವಳಿಗೆ ಹಾಕಿದೆ. ಥ್ಯಾಂಕ್ಯೂ ಮಿಸ್ ಅಂದಳು. ಆಮೇಲೆ ಕೇಳಿದಳು, "ಇನ್ನು ಯಾರು ಬರ್ತಾರೆ?"

ಬೆಂಗಳೂರಿಗೆ ಬಂದು ಮೊದಲು ಮಾಡಿದ ಕೆಲಸ ಗೇಟಿನವನ ಹೆಸರು ಕೇಳಿದ್ದು. ಅವನು ಅನುಮಾನದಿಂದ, "ಯಾಕೆ ಮೇಡಂ, ಏನಾಯ್ತು?" ಅಂದ. ಏನಿಲ್ಲ, ಸುಮ್ನೆ ಅಂದೆ. ಅವನು ಅಛಾಮಿನವನಲ್ಲ. ಬಝಾಂಗ್‌ನವನು. ಚುಂಗಿ ಇವತ್ತಿಗೂ ನನ್ನ ಮೇಜಿನ ಡ್ರಾಯರಿನಲ್ಲಿದೆ, ರಬ್ಬರೆಲ್ಲ ಅಂಟಂಟಾಗಿ.

2015ರ ಏಪ್ರಿಲ್ 25. ಶನಿವಾರ. ಮಧ್ಯಾಹ್ನ ಹನ್ನೆರಡಕ್ಕೆ ನಾಲ್ಕು ನಿಮಿಷ ಇರುವಾಗ ಅಲ್ಲಿ ನೆಲ ನಡುಗಿತು. 7.8ರ ಭೂಕಂಪ. ಸುಮಾರು ಒಂಬತ್ತು ಸಾವಿರ ಜನ ಹೋದರು. ಟೀವಿಯಲ್ಲಿ ಬಿದ್ದ ಧರಹರಾ ಗೋಪುರ ತೋರಿಸುತ್ತಿದ್ದರು. ನಾನು ಗಡಿಯಾರ ನೋಡುತ್ತಿದ್ದೆ. ಶನಿವಾರ, ಸ್ನಾನ ಮುಗಿದಿರುತ್ತೆ, ತಾರಸಿಯ ಮೇಲೆ ಎಣ್ಣೆ ಹಚ್ಚಿಕೊಂಡು ಕೂತಿರುತ್ತಾರೆ. ಮೂರು ಅಂತಸ್ತಿನ ಮೇಲೆ. ಎರಡು ದಿನ ಫೋನ್ ಸಿಗಲಿಲ್ಲ. ಸಿಕ್ಕಾಗ ದಿದಿ, "ಆವತ್ತು ನೀರು ಬಂದಿರಲಿಲ್ಲ ಬಹಿನಿ. ಸ್ನಾನ ತಡ. ಎಲ್ಲರೂ ಅಂಗಳದಲ್ಲೇ ಇದ್ವಿ" 

ಅಂದರು. ಮನೆ ಬಿರುಕು ಬಿಟ್ಟಿತ್ತು, ಎಲ್ಲರೂ ಹೊಲದಲ್ಲಿ ಟಾರ್ಪಾಲಿನ ಕೆಳಗೆ. ಸಿಂಧುಪಾಲ್ಚೋಕ್‌ನಷ್ಟು ಜನ ಬೇರೆ ಯಾವ ಜಿಲ್ಲೆಯಲ್ಲೂ ಸತ್ತಿರಲಿಲ್ಲ. ದಿದಿಯ ಊರಿನ ಮನೆ ಪೂರ್ತಿ ನೆಲಸಮ. ಮಗ ಮೇಕೆ ಬಿಟ್ಟುಕೊಂಡು ಹೊರಗೆ ಹೋಗಿದ್ದರಿಂದ ಉಳಿದಿದ್ದ. ಅಜ್ಜಿಯೂ ಉಳಿದಿದ್ದಳು. ದಿದಿ ಹೋಗಿ ಮಗನನ್ನು ಕರೆತಂದಿದ್ದರು. ಈಗ ಟಾರ್ಪಾಲಿನ ಕೆಳಗೆ ಇಪ್ಪತ್ತು ಮಕ್ಕಳು.

ಭೂಕಂಪದ ಹೆಸರಿನಲ್ಲಿ ಮಕ್ಕಳನ್ನು ಸಾಗಿಸಬಾರದು ಅಂತ ಸರ್ಕಾರ ಆಗ ಬಿಗಿ ಮಾಡಿತು. ಅಪ್ಪ ಅಮ್ಮನೋ ಒಪ್ಪಿಗೆ ಪಡೆದವರೋ ಜೊತೆಗಿಲ್ಲದೆ ಮಗು ಜಿಲ್ಲೆ ದಾಟುವ ಹಾಗಿಲ್ಲ. ಲೋಕಕ್ಕೆ ಈ ವಿಷಯ ಗೊತ್ತಾಗಲು ಇನ್ನೂ ಸಮಯ ಹಿಡಿಯಿತು. ಮಕ್ಕಳನ್ನು ಹೀಗೆ ಅನಾಥಾಲಯಕ್ಕೆ ಸಾಗಿಸುವುದು ಗುಲಾಮಗಿರಿಯ ಒಂದು ರೂಪ ಅಂತ ಆಸ್ಟ್ರೇಲಿಯಾ ತನ್ನ ಕಾನೂನು ಮಾಡುವಾಗ ಒಪ್ಪಿಕೊಂಡದ್ದು 2018ರಲ್ಲಿ.

ಜೂನ್‌ನಲ್ಲಿ ದಿದಿಯೇ ಫೋನ್ ಮಾಡಿದರು. ಸಾಯ್ಲಿಯ ಅಪ್ಪ ಬಂದಿದ್ದನಂತೆ. ಹುಮ್ಲಾದಲ್ಲಿ ಏನೂ ಆಗಿರಲಿಲ್ಲ, ಆದರೆ ರೇಡಿಯೋದಲ್ಲಿ ಕಠ್ಮಂಡು ಬಿದ್ದುಹೋಯ್ತು ಅಂತ ಕೇಳಿ, ಸಿಮಿಕೋಟಿಗೆ ನಡೆದು, ಸಾಲ ಮಾಡಿ ವಿಮಾನದ ಟಿಕೆಟ್ ಕೊಂಡು, ನೇಪಾಲ್‌ಗಂಜ್‌ನಿಂದ ರಾತ್ರಿ ಬಸ್ಸು ಹಿಡಿದು ಬಂದ. ಕರೆದುಕೊಂಡು ಹೋಗ್ತೀನಿ ಅಂದ. ಕಾಗದದಲ್ಲಿ ಅವನು ಸತ್ತಿದ್ದನಲ್ಲ, ಕಚೇರಿಯಿಂದ ಕಚೇರಿಗೆ ತನ್ನ ಪೌರತ್ವದ ಕಾರ್ಡ್ ತೋರಿಸುತ್ತಾ ನಾಲ್ಕು ದಿನ ಅಲೆದ. ನಾಲ್ಕೂ ರಾತ್ರಿ ಗೇಟಿನ ಹೊರಗೆ ಮಲಗಿದ. ಕೊನೆಗೆ ಸಹಿ ಆಯ್ತು.

"ಖುಷಿಯಾಗಿ ಹೋದಳಾ?" ಅಂದೆ.

"ಎಲ್ಲಿಯ ಖುಷಿ! ಹೋಗಲ್ಲ ಅಂತ ಒಂದೇ ಹಟ. ನನ್ನ ಕುರ್ತಾ ಹಿಡಿದು ಹರಿದೇಬಿಟ್ಟಳು. ಅವರಪ್ಪ ಹೊತ್ತುಕೊಂಡೇ ಹೋಗಬೇಕಾಯ್ತು."

"ಅತ್ತಳಾ?"

"ಅಳೋದಾ?" ದಿದಿಯ ದನಿ ಒಂಥರಾ ಏರಿತು. "ಕಚ್ಚಿದಳು ಬಹಿನಿ. ನನ್ನ ಕೈ ಕಚ್ಚಿದಳು. ಇನ್ನೂ ಗುರುತಿದೆ."